ಕೋಬಾಲ್ಟ್ ಪೆನ್ಸಿಲಿನ ಲೆಕ್ಕ

ಭಾರತದಿಂದ ಅಮೆರಿಕಕ್ಕೆ ಹೋಗುವ ಮಾವಿನ ಡಬ್ಬಿಯ ಮೇಲೆ ಹಸಿರು ಬಣ್ಣದ ಒಂದು ಗುರುತು ಇರುತ್ತದೆ. ಮೇಲರ್ಧ ಅಲ್ಲಲ್ಲಿ ಕತ್ತರಿಸಿದಂತಿರುವ ವೃತ್ತ, ಅದರೊಳಗೆ ಎರಡು ಎಲೆ, ಎಲೆಗಳ ಮೇಲೊಂದು ಚುಕ್ಕೆ. ವಿಕಿರಣ ಹಾಯಿಸಿದ ಆಹಾರ ಎಂದು ತಿಳಿಸುವ ಈ ಚಿಹ್ನೆಗೆ ರಾಡುರಾ ಎಂದು ಹೆಸರು. ನೋಡಿದವರು ಕೇಳುವುದು ಒಂದೇ ಮಾತು: ಈ ಹಣ್ಣು ತಿಂದರೆ ವಿಕಿರಣ ನಮ್ಮ ಮೈಗೂ ಬರುತ್ತಾ? ಬರುವುದಿಲ್ಲ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ಆದರೆ ಆ ಹಣ್ಣಿಗೆ ಕಿರಣ ಹಾಯಿಸಿದ ವಸ್ತು ಈಗ ಎಲ್ಲಿದೆ, ಯಾರ ಸುಪರ್ದಿಯಲ್ಲಿದೆ, ಹಳತಾದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಭಯಪಡಬೇಕಾದದ್ದು ಅಲ್ಲಿ.

ಆ ವಸ್ತುವೇ ಕೋಬಾಲ್ಟ್-60. ಕಿರಣ ಹಾಯಿಸುವ ಘಟಕಗಳಲ್ಲಿ ಇದಕ್ಕೆ ಪೆನ್ಸಿಲ್ ಅನ್ನುತ್ತಾರೆ. ಸುಮಾರು 45 ಸೆಂಟಿಮೀಟರ್ ಉದ್ದ, ಕಿರುಬೆರಳಿನಷ್ಟು ದಪ್ಪದ ಸರಳು. ಒಳಗೆ ನಿಕಲ್ ಲೇಪಿಸಿದ ಕೋಬಾಲ್ಟ್ ಬಿಲ್ಲೆಗಳು, ಹೊರಗೆ ಒಂದರೊಳಗೊಂದು ತೂರಿಸಿ ಬೆಸುಗೆ ಹಾಕಿದ ಎರಡು ಲೋಹದ ಕೊಳವೆಗಳು, ಹೊರಗಿನದು ಸ್ಟೇನ್‌ಲೆಸ್ ಸ್ಟೀಲ್. ಗಣಿಯಿಂದ ಬರುವ ಕೋಬಾಲ್ಟ್ ನಿರುಪದ್ರವಿ, ಅದು ಕೋಬಾಲ್ಟ್-59. ಅದನ್ನು ಪರಮಾಣು ಸ್ಥಾವರದೊಳಗೆ ಇಟ್ಟು ನ್ಯೂಟ್ರಾನ್ ಉಣಿಸಿದರೆ 60 ಆಗುತ್ತದೆ. ನಮ್ಮ ದೇಶದಲ್ಲಿ ಈ ಕೆಲಸ ರಾಜಸ್ಥಾನದ ರಾವತ್‌ಭಾಟಾ ಸ್ಥಾವರಗಳಲ್ಲಿ ನಡೆಯುತ್ತದೆ. ಅವೂ ನಮ್ಮ ಕೈಗಾದಂತೆ ಭಾರಜಲದ ಸ್ಥಾವರಗಳೇ. ಶಕ್ತಿ ಏರಿಳಿಸಲು ಬಳಸುವ ಹೊಂದಾಣಿಕೆ ಸರಳುಗಳನ್ನೇ ಕೋಬಾಲ್ಟಿನಿಂದ ಮಾಡಿ, ವಿದ್ಯುತ್ ತೆಗೆಯುತ್ತಲೇ ಸೋರ್ಸನ್ನೂ, ಅಂದರೆ ಕಿರಣ ಸೂಸುವ ಕೋಬಾಲ್ಟನ್ನೂ, ತಯಾರಿಸಿಕೊಳ್ಳುತ್ತಾರೆ. ಹೊರತೆಗೆದ ಸರಳುಗಳನ್ನು ಪಕ್ಕದ ಕೋಬಾಲ್ಟ್ ಘಟಕದಲ್ಲಿ ದಪ್ಪ ಗೋಡೆಯ ಹಿಂದೆ ಯಾಂತ್ರಿಕ ಕೈಗಳಿಂದ ಬಿಚ್ಚಿ ಪೆನ್ಸಿಲಿಗೆ ತುಂಬುತ್ತಾರೆ. ಮಾರುವುದು, ಸಾಗಿಸುವುದು ಬ್ರಿಟ್ ಎಂದು ಕರೆಯುವ ವಿಕಿರಣ ಮತ್ತು ಐಸೊಟೋಪ್ ತಂತ್ರಜ್ಞಾನ ಮಂಡಳಿ.

ಒಂದು ಪೆನ್ಸಿಲಿನಲ್ಲಿ 10,000 ಕ್ಯೂರಿ ಇದೆ ಎಂದಿಟ್ಟುಕೊಳ್ಳಿ. ಕ್ಯೂರಿ ಅಂದರೆ ವಿಕಿರಣಶೀಲತೆಯ ಅಳತೆ, ರಾಂಟ್ಜನ್ ಅಂದರೆ ಹೊರಬಂದ ಕಿರಣದ ಅಳತೆ. ಒಂದು ಕ್ಯೂರಿ ಕೋಬಾಲ್ಟ್ ಒಂದು ಮೀಟರ್ ದೂರದಲ್ಲಿ ಗಂಟೆಗೆ ಸುಮಾರು 1.3 ರಾಂಟ್ಜನ್ ಕೊಡುತ್ತದೆ. ಹತ್ತು ಸಾವಿರಕ್ಕೆ 13,000. ಇದನ್ನು ಮೈಗೆ ತಗಲುವ ಡೋಸ್ ಆಗಿ ಬದಲಿಸಿದರೆ ನಿಮಿಷಕ್ಕೆ 2 ಗ್ರೇ. ಚಿಕಿತ್ಸೆ ಸಿಗದಿದ್ದರೆ ಅರ್ಧದಷ್ಟು ಜನ ಸಾಯುವ ಡೋಸ್ ಸುಮಾರು 4 ಗ್ರೇ. ಅಂದರೆ ಒಂದು ಮೀಟರ್ ದೂರದಲ್ಲಿ ಎರಡು ನಿಮಿಷ. ಘಟಕದ ರ‍್ಯಾಕಿನಲ್ಲಿ ಇಂಥ ಪೆನ್ಸಿಲುಗಳು ಹತ್ತಾರಿಂದ ನೂರಾರು. ಆದ್ದರಿಂದ ಪಕ್ಕದಲ್ಲಿ ನಿಲ್ಲುವ ಪ್ರಶ್ನೆಯೇ ಬರುವುದಿಲ್ಲ, ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ಆ ಹೊತ್ತಿಗೆ ನೋವು, ಬಿಸಿ, ವಾಸನೆ ಏನೂ ಗೊತ್ತಾಗುವುದಿಲ್ಲ.

ಕೋಬಾಲ್ಟಿನ ಅರ್ಧಾಯುಷ್ಯ, ಅಂದರೆ ಅದರ ಬಲ ಅರ್ಧಕ್ಕೆ ಇಳಿಯುವ ಕಾಲ, 5.27 ವರ್ಷ. ತಿಂಗಳಿಗೆ ಶೇಕಡ 1ಕ್ಕಿಂತ ಚೂರು ಹೆಚ್ಚು, ವರ್ಷಕ್ಕೆ ಶೇಕಡ 12ರಷ್ಟು ಸವೆಯುತ್ತದೆ. ಬಳಸಿದರೂ ಅಷ್ಟೇ, ಬೀಗ ಹಾಕಿಟ್ಟರೂ ಅಷ್ಟೇ. ಸಾಲದ ಬಡ್ಡಿಯ ಹಾಗೆ ಭಾನುವಾರವೂ ಓಡುತ್ತದೆ. ಇದರಿಂದ ಏಳುವ ಹಣಕಾಸಿನ ತೊಂದರೆ ಸಣ್ಣದಲ್ಲ.

ಕೋಣೆ, ಕೊಳ, ರ‍್ಯಾಕು

ಘಟಕದ ಹೃದಯ ಒಂದು ಕಾಂಕ್ರೀಟ್ ಕೋಣೆ. ಗೋಡೆ ಸುಮಾರು 2 ಮೀಟರ್ ದಪ್ಪ. ಪ್ರತಿ 21 ಸೆಂಟಿಮೀಟರ್ ಕಾಂಕ್ರೀಟ್ ಕಿರಣವನ್ನು ಹತ್ತರಲ್ಲೊಂದು ಪಾಲಿಗೆ ಇಳಿಸುತ್ತದೆ, ಹಾಗಾಗಿ ಎರಡು ಮೀಟರ್ ದಾಟುವಷ್ಟರಲ್ಲಿ ನೂರು ಕೋಟಿಯಲ್ಲೊಂದು ಪಾಲು ಉಳಿಯುತ್ತದೆ. ಕೋಬಾಲ್ಟ್ ಸೂಸುವ ಗಾಮಾ ಕಿರಣ ನೇರವಾಗಿ ಹೋಗುವುದರಿಂದ ಒಳಹೋಗುವ ದಾರಿಯನ್ನು ಚಕ್ರವ್ಯೂಹದಂತೆ ಎರಡು ಮೂರು ಸಲ ತಿರುಗಿಸಿರುತ್ತಾರೆ, ಸಾಮಾನಿನ ಡಬ್ಬಿಗಳು ಕನ್ವೇಯರಿನಲ್ಲಿ ಅದೇ ತಿರುವುಗಳಲ್ಲಿ ಸಾಗುತ್ತವೆ. ಕೋಣೆಯ ನಡುವೆ ಸುಮಾರು 6 ಮೀಟರ್ ಆಳದ ನೀರಿನ ಕೊಳ. ಕೆಲಸ ಇಲ್ಲದಾಗ ರ‍್ಯಾಕು ತಳದಲ್ಲಿರುತ್ತದೆ, ಅಷ್ಟು ನೀರೇ ರಕ್ಷಣೆ. ಕೆಲಸ ಶುರುವಾದಾಗ ಉಕ್ಕಿನ ಹಗ್ಗ ರ‍್ಯಾಕನ್ನು ಮೇಲೆತ್ತುತ್ತದೆ. ಕರೆಂಟು ಹೋದರೆ, ಬಾಗಿಲು ತೆರೆದರೆ, ಭೂಮಿ ನಡುಗಿದರೆ ತನ್ನ ತೂಕಕ್ಕೇ ಕೆಳಗಿಳಿಯುತ್ತದೆ.

ಈ ನೀರನ್ನು ಕುಡಿಯುವ ನೀರಿಗಿಂತ ಹೆಚ್ಚು ಜೋಪಾನ ಮಾಡಬೇಕು. ಕ್ಲೋರೈಡ್ ಸೇರಿದರೆ ಸ್ಟೇನ್‌ಲೆಸ್ ಸ್ಟೀಲ್ ಕೊಳವೆಯ ಬೆಸುಗೆಯಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ಅದಕ್ಕೆ ನೀರನ್ನು ಲವಣ ಹೀರಿಕೊಳ್ಳುವ ರೆಸಿನ್ ಕಾಲಮ್ಮಿನ ಮೂಲಕ ಸದಾ ಸುತ್ತಿಸುತ್ತಾ ಅದರ ವಾಹಕತೆ ಸೆಂಟಿಮೀಟರಿಗೆ 10 ಮೈಕ್ರೊಸೀಮೆನ್ಸ್ ದಾಟದಂತೆ ನೋಡಿಕೊಳ್ಳುತ್ತಾರೆ. ಯಾವುದಾದರೂ ಪೆನ್ಸಿಲ್ ಸೋರಿದರೆ ಮೊದಲು ಗೊತ್ತಾಗುವುದು ಇದೇ ಕಾಲಮ್ಮಿನಲ್ಲಿ. ಸೋರಿದ್ದೆಲ್ಲ ರೆಸಿನ್ನಿಗೆ ಅಂಟಿಕೊಳ್ಳುವುದರಿಂದ ಪಕ್ಕದಲ್ಲಿ ವಿಕಿರಣ ಅಳೆಯುವ ಒಂದು ಮೀಟರ್ ಇಟ್ಟಿರಬೇಕು. ಕೋಬಾಲ್ಟ್ ಲೋಹ, ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ಇಂಥದೇ ಕೆಲಸಕ್ಕೆ ಬಳಸುವ ಇನ್ನೊಂದು ಸೋರ್ಸ್ ಸೀಸಿಯಂ-137ರ ಕಥೆ ಬೇರೆ. ಅದನ್ನು ತುಂಬುವುದು ಕ್ಲೋರೈಡ್ ರೂಪದಲ್ಲಿ, ನಮ್ಮ ಅಡುಗೆ ಉಪ್ಪಿನ ದಾಯಾದಿ. 1988ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಡೆಕಾಟುರ್‌ನಲ್ಲಿ ಇಂಥ ಒಂದು ಕ್ಯಾಪ್ಸೂಲ್ ಸೋರಿ ಇಡೀ ಕೊಳವೇ ಕಲುಷಿತವಾಯಿತು.

ರ‍್ಯಾಕು ಮೇಲಿದ್ದಾಗ ಕೋಣೆಯ ಗಾಳಿಯಲ್ಲಿ ಉಸಿರಿಗೆ ಕೆಟ್ಟದ್ದಾದ ಓಝೋನ್ ಅನಿಲ ಹುಟ್ಟುತ್ತದೆ. ರ‍್ಯಾಕು ಇಳಿದ ಕೂಡಲೇ ಒಳನುಗ್ಗಬಾರದು ಅನ್ನುವುದಕ್ಕೆ ಇದೂ ಒಂದು ಕಾರಣ. ಎಕ್ಸಾಸ್ಟ್ ಫ್ಯಾನ್ ಓಡಿ, ಅದು 0.1 ಪಿಪಿಎಮ್‌ಗಿಂತ (ಹತ್ತು ಲಕ್ಷದಲ್ಲಿ 0.1 ಪಾಲು) ಕೆಳಗೆ ಬರುವವರೆಗೆ ಬಾಗಿಲು ತೆರೆಯಬಾರದು.

ಡೋಸ್ ಅಂದರೆ ಏನು ಮಾಡುತ್ತದೆ

ಒಂದು ಗ್ರೇ ಅಂದರೆ ಒಂದು ಕೆಜಿ ವಸ್ತುವಿನಲ್ಲಿ ಒಂದು ಜೂಲ್ ಶಕ್ತಿ ಸೇರುವುದು. ಮಾವಿಗೆ ಬೇಕಾದ 400 ಗ್ರೇ ಹಣ್ಣನ್ನು ಬಿಸಿ ಮಾಡುವುದು ಡಿಗ್ರಿಯ ಹತ್ತನೇ ಒಂದು ಭಾಗದಷ್ಟು. ಸಿರಿಂಜಿಗೆ ಬೇಕಾದ 25,000 ಗ್ರೇಯನ್ನು ನೀರಿಗೆ ಕೊಟ್ಟರೂ 6 ಡಿಗ್ರಿ ಏರುತ್ತದೆ, ಅಷ್ಟೆ. ಬೇಯಿಸದೆ ಸೂಕ್ಷ್ಮಜೀವಿ ಕೊಲ್ಲುವ ಉಪಾಯ ಇದು. ಜೀವಕೋಶದಲ್ಲಿ ಏಟು ತಿನ್ನುವುದು ಡಿಎನ್ಎ. ದೊಡ್ಡ ಡಿಎನ್ಎ ಇರುವ ಜೀವಿ ಸಣ್ಣ ಡೋಸಿಗೇ ಮಲಗುತ್ತದೆ, ಬ್ಯಾಕ್ಟೀರಿಯಾಕ್ಕೆ ಹೆಚ್ಚು ಬೇಕು, ವೈರಸ್ಸಿಗೆ ಇನ್ನೂ ಹೆಚ್ಚು.

ಆಹಾರ ಯಾಕೆ ವಿಕಿರಣಶೀಲವಾಗುವುದಿಲ್ಲ? ಕೋಬಾಲ್ಟಿನ ಎರಡು ಗಾಮಾ ಕಿರಣಗಳ ಶಕ್ತಿ 1.17 ಮತ್ತು 1.33 ಎಂಇವಿ (ಕಿರಣದ ಶಕ್ತಿಯನ್ನು ಅಳೆಯುವ ಮಾನ). ಪರಮಾಣುವಿನ ಬೀಜದಿಂದ ಒಂದು ನ್ಯೂಟ್ರಾನ್ ಕಿತ್ತು ಅದನ್ನು ಬೇರೆಯದಾಗಿ ಬದಲಿಸಲು ಭಾರ ಜಲಜನಕಕ್ಕೇ 2.2 ಎಂಇವಿ ಬೇಕು. ಹಣ್ಣಿನಲ್ಲಿರುವ ಸಾಮಾನ್ಯ ಇಂಗಾಲ, ಸಾರಜನಕ, ಆಮ್ಲಜನಕಕ್ಕೆ 10ಕ್ಕೂ ಮೇಲೆ ಬೇಕು. ಕಿರಣಕ್ಕೆ ಆ ತಾಕತ್ತೇ ಇಲ್ಲ, ಡೋಸ್ ಎಷ್ಟೇ ಹೆಚ್ಚಿಸಿದರೂ ಅಷ್ಟೆ. ರುಚಿ ಕೆಡುವುದು, ಸ್ವಲ್ಪ ವಿಟಮಿನ್ ಸಿ, ಬಿ1 ಕಡಿಮೆಯಾಗುವುದು, ಕೊಬ್ಬಿನ ಪದಾರ್ಥ ಕಮಟು ವಾಸನೆ ಹೊಡೆಯುವುದು ನಿಜ. ಹಾಲು, ಬೆಣ್ಣೆಗೆ ಈ ವಿಧಾನ ಒಗ್ಗುವುದಿಲ್ಲ. ಸರಾಸರಿ 10 ಕಿಲೊಗ್ರೇ ತನಕ ಕಿರಣ ಹಾಯಿಸಿದ ಆಹಾರದಲ್ಲಿ ವಿಷದ ಅಪಾಯ ಇಲ್ಲ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್ಎಒ), ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ (ಐಎಇಎ) ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಜಂಟಿ ತಜ್ಞರ ಸಮಿತಿ 1980ರಲ್ಲೇ ತೀರ್ಮಾನ ಕೊಟ್ಟಿದೆ.

ಈಗ ಮಾವಿಗೆ ಬರೋಣ. ಅಮೆರಿಕಕ್ಕೆ ಹೆದರಿಕೆ ಇರುವುದು ಓಟೆ ಕೊರೆಯುವ ಮೂತಿಹುಳು ಮತ್ತು ಹಣ್ಣಿನ ನೊಣದ ಬಗ್ಗೆ. ಹುಳು ಓಟೆಯೊಳಗೆ ಕೂತಿದ್ದರೆ ಬಿಸಿನೀರು ಅದನ್ನು ಮುಟ್ಟುವುದಿಲ್ಲ. ಮುಟ್ಟುವಷ್ಟು ಬಿಸಿ ಮಾಡಿದರೆ ಹಣ್ಣೇ ಬೇಯುತ್ತದೆ. ಗಾಮಾ ಕಿರಣಕ್ಕೆ ಓಟೆ ಒಂದು ಅಡ್ಡಿಯೇ ಅಲ್ಲ. 2007ರ ಏಪ್ರಿಲಿನಲ್ಲಿ ನಾಸಿಕ್ ಬಳಿಯ ಲಾಸಲ್‌ಗಾಂವ್‌ನ ಕೃಷಕ್ ಘಟಕದಿಂದ ಕಿರಣ ಹಾಯಿಸಿದ ಹಣ್ಣು ಹೊರಟ ಮೇಲೆ ಅಮೆರಿಕದ ಬಾಗಿಲು ಭಾರತದ ಮಾವಿಗೆ ಮತ್ತೆ ತೆರೆಯಿತು. ನಮ್ಮ ಕೋಲಾರ ಜಿಲ್ಲೆಯ ಮಾಲೂರಿನಲ್ಲೂ ಈ ಕೆಲಸದ ಘಟಕ ಇದೆ. ಶ್ರೀನಿವಾಸಪುರದ ತೋಟಗಳೂ ಅದೇ ಜಿಲ್ಲೆಯಲ್ಲಿವೆ.

ಕ್ರಮ ಹೀಗೆ: ಬಲಿತ, ಇನ್ನೂ ಹಣ್ಣಾಗದ ಕಾಯಿ. ಸೊನೆ ಇಳಿಸಿ, ತೊಳೆದು, ಸಿಪ್ಪೆಯ ಮೇಲಿನ ಬೂಷ್ಟಿಗೆ 52 ಡಿಗ್ರಿ ನೀರಿನಲ್ಲಿ ಮೂರು ನಾಲ್ಕು ನಿಮಿಷ ಮುಳುಗಿಸಿ, ಒರೆಸಿ, ತೂಕದ ಪ್ರಕಾರ ವಿಂಗಡಿಸಿ, 3.5 ಕೆಜಿಯ ಡಬ್ಬಿಗೆ ತುಂಬಬೇಕು. ಡಬ್ಬಿಯ ಗಾಳಿ ತೂತುಗಳಿಗೆ ನೊಣ ನುಗ್ಗದಂಥ ಜಾಳಿಗೆ ಅಂಟಿಸಿರಬೇಕು, ಇಲ್ಲದಿದ್ದರೆ ಒಳಗೆ ಕಿರಣ ಹಾಯಿಸಿ ಹೊರಗೆ ಹೊಸ ನೊಣ ಕರೆದಂತಾಯಿತು. ಆಮೇಲೆ ಕೋಣೆ, ಅಲ್ಲಿಂದ ಶೀತಲಗೃಹ. ಡಬ್ಬಿಯ ಯಾವ ಮೂಲೆಯಲ್ಲೂ 400 ಗ್ರೇಗಿಂತ ಕಡಿಮೆ ಆಗಬಾರದು, ಎಲ್ಲೂ 1,000 ಗ್ರೇ ದಾಟಬಾರದು.

ಕಷ್ಟ ಇರುವುದು ಇದೇ ಎರಡು ಅಂಕಿಗಳ ನಡುವೆ. ಸೋರ್ಸಿಗೆ ಮುಖ ಮಾಡಿದ ಹಣ್ಣಿಗೆ ಹೆಚ್ಚು ಸಿಗುತ್ತದೆ, ನಡುವಿನದಕ್ಕೆ ಕಡಿಮೆ. ಅದಕ್ಕೇ ಡಬ್ಬಿಯನ್ನು ರ‍್ಯಾಕಿನ ಎರಡೂ ಬದಿಯಿಂದ ಹಾಯಿಸುತ್ತಾರೆ. ಗರಿಷ್ಠವನ್ನು ಕನಿಷ್ಠದಿಂದ ಭಾಗಿಸಿದರೆ 2.5ರೊಳಗೆ ಬರಬೇಕು. ಋತುವಿನ ಮೊದಲು ಡಬ್ಬಿಯೊಳಗೆ ಹತ್ತಾರು ಕಡೆ ಡೋಸ್ ಅಳೆಯುವ ಡೋಸಿಮೀಟರ್ ಇಟ್ಟು ನಕ್ಷೆ ತೆಗೆದು, ಎಲ್ಲಿ ಅತಿ ಕಡಿಮೆ ಬೀಳುತ್ತದೆ ಎಂದು ಗುರುತಿಸಿಕೊಳ್ಳುತ್ತಾರೆ. ಆಮೇಲೆ ಯಾರೋ ಪ್ಯಾಕಿಂಗಿನವರು ಡಬ್ಬಿಗೆ ಎರಡು ಹಣ್ಣು ಹೆಚ್ಚು ತುರುಕಿದರೆ, ಟ್ರೇ ಸಾಲನ್ನು ಬದಲಿಸಿದರೆ, ಆ ನಕ್ಷೆ ಕಸದ ಬುಟ್ಟಿಗೆ. ಕನಿಷ್ಠ 380ಕ್ಕೆ ಇಳಿದಿದ್ದರೆ ಮತ್ತೊಂದು ಸುತ್ತು ಹಾಕಿದರಾಯಿತು ಅನ್ನುವ ಹಾಗಿಲ್ಲ, ಹೊರಗಿನ ಹಣ್ಣು 1,000 ದಾಟಿಬಿಡುತ್ತದೆ. ಡೋಸ್ ಹೆಚ್ಚಾದ ಮಾವಿನ ಸಿಪ್ಪೆಯ ಮೇಲೆ ಕಂದು ಚುಕ್ಕೆ ಏಳುತ್ತದೆ, ತಿರುಳು ಮೆತ್ತಗಾಗುತ್ತದೆ.

ಅಳತೆಯಲ್ಲೂ ಒಂದು ಮೋಸ ಇದೆ. ಕಡಿಮೆ ಡೋಸಿಗೆ ಹಳೆಯ ನಂಬಿಕಸ್ಥ ದ್ರಾವಣ ಫ್ರಿಕೆಯದು: ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿದ ಫೆರಸ್ ಸಲ್ಫೇಟ್. ಕಿರಣ ಬಿದ್ದಷ್ಟೂ ಫೆರಸ್ ಫೆರಿಕ್ ಆಗುತ್ತದೆ, 304 ನ್ಯಾನೊಮೀಟರ್ ಬೆಳಕಿನಲ್ಲಿ ಓದಬಹುದು. ಶೀಶೆಯಲ್ಲಿ ಜಿಡ್ಡಿನ ಲವಲೇಶ ಉಳಿದಿದ್ದರೆ ಅದು ಇದ್ದದ್ದಕ್ಕಿಂತ ಹೆಚ್ಚು ಡೋಸ್ ತೋರಿಸುತ್ತದೆ. ಕಾಗದದಲ್ಲಿ 420, ಹಣ್ಣಿಗೆ ಸಿಕ್ಕಿದ್ದು 390. ಇದು 400 ಗ್ರೇ ದಾಟಿದ ಮೇಲೆ ದಣಿಯುವ ದ್ರಾವಣ ಕೂಡ, ಒಳಗಿನ ಆಮ್ಲಜನಕ ಮುಗಿದುಹೋಗುತ್ತದೆ. ಗರಿಷ್ಠದ ಕಡೆಗೆ ಅಲನೈನ್ ಎಂಬ ಅಮಿನೊ ಆಮ್ಲದ ಡೋಸಿಮೀಟರ್ ಬೇಕು. ಡಬ್ಬಿಯ ಮೇಲೆ ಅಂಟಿಸುವ, ಹಳದಿಯಿಂದ ಕೆಂಪಿಗೆ ತಿರುಗುವ ಸ್ಟಿಕ್ಕರ್ ಈ ಡಬ್ಬಿ ಕೋಣೆಗೆ ಹೋಗಿ ಬಂದಿದೆ ಎಂದು ಹೇಳುತ್ತದೆ, ಎಷ್ಟು ತಿಂದಿದೆ ಎಂದು ಹೇಳುವುದಿಲ್ಲ.

400 ಗ್ರೇ ಹುಳುವನ್ನು ಆಗಲೇ ಕೊಲ್ಲುವುದಿಲ್ಲ. ಅದು ಬದುಕಿರುತ್ತದೆ, ಓಡಾಡುತ್ತಲೂ ಇರಬಹುದು, ಮರಿ ಹಾಕುವ ಶಕ್ತಿ ಮಾತ್ರ ಹೋಗಿರುತ್ತದೆ. ಹಾಗಾಗಿ ಅಲ್ಲಿನ ಬಂದರಿನಲ್ಲಿ ಹಣ್ಣು ಕೊಯ್ದು ನೋಡಿದರೆ ತಿಳಿಯುವಂಥದ್ದೇನೂ ಇಲ್ಲ. ನಂಬಬೇಕಾದದ್ದು ಡೋಸಿನ ದಾಖಲೆಯನ್ನೇ. ಅಮೆರಿಕದ ಇನ್‌ಸ್ಪೆಕ್ಟರ್ ಇಲ್ಲಿಗೇ ಬಂದು ಕೂರುವುದು ಅದಕ್ಕೆ. ಆ ಖರ್ಚೂ ರಫ್ತಿನ ಲೆಕ್ಕಕ್ಕೇ ಸೇರುತ್ತದೆ.

ಇನ್ನು ದುಡ್ಡಿನ ಮಾತು. 10 ಲಕ್ಷ ಕ್ಯೂರಿ ಕೋಬಾಲ್ಟ್ ಹೊರಸೂಸುವ ಶಕ್ತಿ 15 ಕಿಲೊವಾಟ್. ಒಂದು ಲಕ್ಷ ಕ್ಯೂರಿಯ ಸಣ್ಣ ಘಟಕದಲ್ಲಿ 1.5 ಕಿಲೊವಾಟ್, ಅದರಲ್ಲಿ ಶೇಕಡ 30 ಹಣ್ಣಿಗೆ ಸೇರಿತು, ಸರಾಸರಿ ಡೋಸ್ 600 ಗ್ರೇ ಎಂದು ಹಿಡಿದರೆ ಗಂಟೆಗೆ ಸುಮಾರು 2.7 ಟನ್ ಮಾವು. ಚೆನ್ನಾಗಿಯೇ ಇದೆ. ಆದರೆ ಮಾವು ಏಪ್ರಿಲಿನಿಂದ ಜುಲೈವರೆಗೆ. ಮಿಕ್ಕ ಎಂಟು ತಿಂಗಳೂ ಬಡ್ಡಿ ಓಡುತ್ತಲೇ ಇರುತ್ತದೆ, ಶೇಕಡ 8ಕ್ಕೂ ಹೆಚ್ಚು ಸೋರ್ಸ್ ಸುಮ್ಮನೆ ಆವಿ. ಹಣ್ಣಿಗೆಂದೇ ಕಟ್ಟಿದ ಘಟಕ ಉಸಿರಾಡಬೇಕಾದರೆ ಮಸಾಲೆ, ಸಾಕುಪ್ರಾಣಿಯ ತಿನಿಸು, ಆಸ್ಪತ್ರೆ ಸಾಮಾನು ಏನಾದರೂ ವರ್ಷವಿಡೀ ಬರುತ್ತಿರಬೇಕು. ಹಳ್ಳಿಗೊಂದು ಘಟಕ ಎಂದು ಭಾಷಣ ಮಾಡುವವರು ಈ ಲೆಕ್ಕ ಹಾಕಿರುವುದಿಲ್ಲ.

ಈರುಳ್ಳಿಗೆ ಬೇಕಾಗುವುದು 60 ಗ್ರೇ ಆಸುಪಾಸು, ತೀರಾ ಕಡಿಮೆ. ಮೊಳಕೆ ನಿಲ್ಲುತ್ತದೆ. ಕೊಳೆಯುವುದು ನಿಲ್ಲುವುದಿಲ್ಲ! ಈ ವ್ಯತ್ಯಾಸ ತಿಳಿಯದೆ ಎಷ್ಟೋ ನಿರೀಕ್ಷೆ ಹುಟ್ಟಿಕೊಂಡಿದೆ. ಮಳೆಗಾಲದಲ್ಲಿ ಕಿತ್ತ ನೀರುಗಡ್ಡೆ ಈರುಳ್ಳಿ, ನಮ್ಮ ಚಿತ್ರದುರ್ಗ, ಗದಗ ಕಡೆಯದು, ಕೆಡುವುದು ಕೊಳೆತೇ ಹೊರತು ಮೊಳೆತಲ್ಲ. ಬೇಸಿಗೆಯ ಬೆಳೆಯನ್ನು ಹದವಾಗಿ ಒಣಗಿಸಿ, ಕಿತ್ತ ಎರಡು ಮೂರು ವಾರದೊಳಗೆ, ಗಡ್ಡೆ ಇನ್ನೂ ನಿದ್ದೆಯಲ್ಲಿರುವಾಗಲೇ ಕಿರಣ ಹಾಯಿಸಬೇಕು. ತಡವಾದರೆ ಒಳಗಿನ ಮೊಗ್ಗು ಕಂದು ಬಣ್ಣಕ್ಕೆ ತಿರುಗಿ, ಕೊಯ್ದಾಗ ಗ್ರಾಹಕ ಮುಖ ಸಿಂಡರಿಸುತ್ತಾನೆ. ಆಲೂಗಡ್ಡೆಯಲ್ಲಿ ಇನ್ನೊಂದು ತೊಡಕು: ಗಾಯದ ಮೇಲೆ ಹೊಸ ಸಿಪ್ಪೆ ಕಟ್ಟುವ ಶಕ್ತಿಯನ್ನೂ ಕಿರಣ ಕಿತ್ತುಕೊಳ್ಳುತ್ತದೆ. ಗುದ್ದಲಿ ತಾಗಿದ ಗಡ್ಡೆಯನ್ನು ಆರಿಸಿ ಹಾಕದಿದ್ದರೆ ಅದೇ ಚೀಲ ಮೊದಲು ಕೊಳೆಯುತ್ತದೆ.

ಮಸಾಲೆಗೆ 6ರಿಂದ 14 ಕಿಲೊಗ್ರೇ. ಬ್ಯಾಡಗಿ ಮೆಣಸಿನಕಾಯಿಯನ್ನು ಅಂಗಳದಲ್ಲಿ ಒಣಹಾಕಿದರೆ ಮಣ್ಣು, ಹಕ್ಕಿ ಹಿಕ್ಕೆ ಎಲ್ಲದರ ಸೂಕ್ಷ್ಮಜೀವಿ ಸೇರಿಕೊಳ್ಳುವುದು ಸಹಜ. ಬಿಸಿ ಹಬೆ ಕೊಟ್ಟರೆ ಬಣ್ಣ, ಘಾಟು ಹಾರುತ್ತದೆ. ಎಥಿಲೀನ್ ಆಕ್ಸೈಡ್ ಅನಿಲ ಕೊಟ್ಟರೆ ಶೇಷ ಉಳಿಯುತ್ತದೆ. 2024ರಲ್ಲಿ ಹಾಂಗ್‌ಕಾಂಗ್, ಸಿಂಗಪುರ ಭಾರತದ ಮಸಾಲೆ ಪುಡಿಗಳನ್ನು ತಡೆದದ್ದು ಇದೇ ಅನಿಲದ ಕಾರಣಕ್ಕೆ. ಕಿರಣದಲ್ಲಿ ಶೇಷ ಅನ್ನುವುದೇ ಇಲ್ಲ, ಪ್ಯಾಕ್ ಮಾಡಿ ಸೀಲು ಹಾಕಿದ ಮೇಲೂ ಹಾಯಿಸಬಹುದು. ಆದರೆ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಆಗಲೇ ಸೇರಿಬಿಟ್ಟಿದ್ದರೆ ಬೂಷ್ಟು ಸಾಯುತ್ತದೆ, ವಿಷ ಹಾಗೇ ಕೂತಿರುತ್ತದೆ. ತೇವದ ಮೆಣಸಿನಕಾಯಿ ಕಳಿಸಿ ಒಳ್ಳೆಯದು ಮಾಡಿಕೊಡಿ ಅಂದರೆ ಕೋಬಾಲ್ಟ್ ಏನೂ ಮಾಡಲಾರದು.

ಆಸ್ಪತ್ರೆ ಸಾಮಾನಿಗೆ ರೂಢಿಯ ಡೋಸ್ 25 ಕಿಲೊಗ್ರೇ. ಮುಂಬಯಿಯ ತ್ರಾಂಬೆಯ ಐಸೊಮೆಡ್ ಘಟಕ ಇದನ್ನು 1974ರಿಂದ ಮಾಡಿಕೊಂಡು ಬಂದಿದೆ. ಹತ್ತಿ, ಹೊಲಿಗೆ ದಾರ, ಕೈಗವಸು, ಹೆರಿಗೆ ಕಿಟ್ಟು ಎಲ್ಲಕ್ಕೂ ಸರಿ. ಪ್ಲಾಸ್ಟಿಕ್ಕಿನ ಆಯ್ಕೆಯಲ್ಲಿ ಎಡವುತ್ತಾರೆ. ಟೆಫ್ಲಾನ್ ಪುಡಿಪುಡಿ, ಗಾಜು ಕಂದು, ಪಿವಿಸಿ ಹಳದಿ. ಸಾಧಾರಣ ಪಾಲಿಪ್ರೊಪಿಲೀನ್ ಸಿರಿಂಜು ಆ ದಿನ ಚೆನ್ನಾಗಿಯೇ ಇರುತ್ತದೆ, ಕೆಲವು ತಿಂಗಳು ಗೋದಾಮಿನಲ್ಲಿ ಕೂತ ಮೇಲೆ ಒತ್ತಿದರೆ ಸೀಳುತ್ತದೆ. ಒಳಗೆ ಸಿಕ್ಕಿಕೊಂಡ ಮುಕ್ತ ರ‍್ಯಾಡಿಕಲ್‌ಗಳು ಆಮ್ಲಜನಕದೊಂದಿಗೆ ನಿಧಾನವಾಗಿ ಸೇರುತ್ತಲೇ ಇರುತ್ತವೆ. ಅದಕ್ಕೆಂದೇ ತಯಾರಾದ ವಿಕಿರಣ ತಾಳುವ ಹರಳನ್ನೇ ಕೊಳ್ಳಬೇಕು.

ಗಡಿಯಾರ ತಪ್ಪಿದರೆ

ಕ್ಯಾನ್ಸರ್ ಚಿಕಿತ್ಸೆಯ ಟೆಲಿಕೋಬಾಲ್ಟ್ ಯಂತ್ರದಲ್ಲೂ ಇದೇ ಧಾತು, ಹೆಬ್ಬೆರಳ ತುದಿಯಷ್ಟು ಕ್ಯಾಪ್ಸೂಲಿನಲ್ಲಿ. ಕರೆಂಟಿನಿಂದಲೇ ಕಿರಣ ಹುಟ್ಟಿಸುವ ಲೀನಿಯರ್ ಆಕ್ಸಲರೇಟರ್ ಯಂತ್ರ ಬಂದ ಮೇಲೆ ಇದನ್ನು ಹಳೆಯ ಕಾಲದ್ದು ಎಂದು ಮೂಗು ಮುರಿಯುವವರಿದ್ದಾರೆ. ಕರೆಂಟು ಕೈಕೊಡುವ, ಇಂಜಿನಿಯರ್ ಬರಲು ಎರಡು ದಿನ ಹಿಡಿಯುವ ಊರಿನ ಆಸ್ಪತ್ರೆಗೆ ಕೋಬಾಲ್ಟೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಭಾಭಾ ಅಣು ಸಂಶೋಧನಾ ಕೇಂದ್ರ ರೂಪಿಸಿದ ಭಾಭಾಟ್ರಾನ್ ಈ ಉದ್ದೇಶಕ್ಕೇ ಬಂದದ್ದು.

ಇಲ್ಲಿಯೂ ತಿಂಗಳಿಗೆ ಶೇಕಡ 1 ಸವೆತ. ಪ್ರತಿ ತಿಂಗಳೂ ಚಿಕಿತ್ಸೆಯ ಸಮಯದ ಪಟ್ಟಿ ತಿದ್ದಬೇಕು. ಅರ್ಧಾಯುಷ್ಯ ಮುಗಿಯುವ ಹೊತ್ತಿಗೆ ಎರಡು ನಿಮಿಷದ ಚಿಕಿತ್ಸೆ ನಾಲ್ಕು ನಿಮಿಷವಾಗಿರುತ್ತದೆ, ನೋವಿನಲ್ಲಿರುವ ರೋಗಿ ಅಷ್ಟು ಹೊತ್ತು ಅಲುಗಾಡದೆ ಮಲಗುವುದು ಕಷ್ಟ. ಆಗ ಸೋರ್ಸ್ ಬದಲಿಸುತ್ತಾರೆ. ಬದಲಿಸಿದ ದಿನವೇ ಅತಿ ಅಪಾಯದ ದಿನ. 1996ರಲ್ಲಿ ಕೋಸ್ಟರಿಕಾದ ಸಾನ್ ಹೊಸೆಯಲ್ಲಿ ಹೊಸ ಸೋರ್ಸನ್ನು ಅಳೆಯುವಾಗ ಟೈಮರಿನ 0.3 ನಿಮಿಷವನ್ನು 30 ಸೆಕೆಂಡ್ ಎಂದು ಓದಿಕೊಂಡರು. 0.3 ನಿಮಿಷ ಅಂದರೆ 18 ಸೆಕೆಂಡ್. 18 ಸೆಕೆಂಡಿನಲ್ಲಿ ಬಂದ ಡೋಸನ್ನು 30ರಲ್ಲಿ ಬಂದದ್ದೆಂದು ಬಗೆದ ಕಾರಣ ಯಂತ್ರ ನಿಧಾನ ಅನ್ನಿಸಿತು, ಸಮಯ ಏರಿಸಿದರು. ನೂರಕ್ಕೂ ಹೆಚ್ಚು ರೋಗಿಗಳಿಗೆ ಶೇಕಡ 50ರಿಂದ 60ರಷ್ಟು ಹೆಚ್ಚು ಡೋಸ್ ಬಿತ್ತು. ಬೇರೊಬ್ಬರು ಬೇರೆ ಮೀಟರಿನಿಂದ ಇನ್ನೊಮ್ಮೆ ಅಳೆದಿದ್ದರೆ ಅರ್ಧ ಗಂಟೆಯಲ್ಲಿ ಸಿಕ್ಕಿಬೀಳುತ್ತಿದ್ದ ತಪ್ಪು ಅದು.

ಸೋರ್ಸಿನ ಡ್ರಾಯರ್ ಹಿಂದಕ್ಕೆ ಹೋಗದೆ ಸಿಕ್ಕಿಕೊಳ್ಳುವುದೂ ಉಂಟು. ಅದಕ್ಕೆಂದೇ ಕೋಣೆಯ ಗೋಡೆಗೆ ಟಿ ಆಕಾರದ ಒಂದು ಸರಳನ್ನು ತೂಗುಹಾಕಿರುತ್ತಾರೆ. ಮೊದಲ ಕೆಲಸ ರೋಗಿಯನ್ನು ಮಂಚದ ಸಮೇತ ಕಿರಣದ ದಾರಿಯಿಂದ ಎಳೆದುಕೊಳ್ಳುವುದು, ತಾವು ಆ ದಾರಿಗೆ ಅಡ್ಡ ಬರದಂತೆ ಬದಿಯಲ್ಲೇ ನಿಂತು. ರೋಗಿ ಹೊರಗೆ ಹೋದ ಮೇಲೆ ಸರಳಿನ ಕೆಲಸ. ಸರಳಿನ ಮೇಲಿನ ಬಣ್ಣದ ಗೆರೆ ನೋಡಿಕೊಂಡು ಡ್ರಾಯರನ್ನು ತಳ್ಳಬೇಕು. ಧೂಳು ಹಿಡಿದ, ಮೊಳೆಗೆ ಕಟ್ಟಿಹಾಕಿದ ಟಿ ಸರಳು ಇರುವ ಕೋಣೆಯಲ್ಲಿ ಯಾರೂ ಅಭ್ಯಾಸ ಮಾಡಿಲ್ಲ ಎಂದೇ ಅರ್ಥ.

ದೊಡ್ಡ ಘಟಕದಲ್ಲಿ ರ‍್ಯಾಕು ಸಿಕ್ಕಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಎಲ್ ಸಾಲ್ವಡಾರಿನ ಸಾನ್ ಸಾಲ್ವಡಾರ್, 1989ರ ಫೆಬ್ರವರಿ. ಡಬ್ಬಿಗಳು ಅಡ್ಡ ಸಿಲುಕಿ ರ‍್ಯಾಕು ಇಳಿಯಲಿಲ್ಲ. ಕೋಣೆಯೊಳಗಿನ ವಿಕಿರಣ ಮೀಟರಿನ ತಲೆಯನ್ನು ವರ್ಷಗಳ ಹಿಂದೆಯೇ ಬಿಚ್ಚಿಹಾಕಿದ್ದರು. ಕಿರಣ ಇರುವಾಗ ಬಾಗಿಲು ತೆರೆಯದಂತೆ ತಡೆಯುವ ಇಂಟರ್‌ಲಾಕಿಗೆ ಕಣ್ಣು ತಪ್ಪಿಸುವ ಉಪಾಯ ಕೆಲಸಗಾರರಿಗೆಲ್ಲ ಬಾಯಿಪಾಠ. ರಾತ್ರಿ ಪಾಳಿಯವನು ಒಳಗೆ ಹೋದ, ಕೈಲಾಗದೆ ಇನ್ನಿಬ್ಬರನ್ನು ಕರೆದುಕೊಂಡು ಮತ್ತೆ ಹೋದ, ಮೂವರೂ ಸೇರಿ ರ‍್ಯಾಕನ್ನು ಕೈಯಿಂದ ಬಿಡಿಸಿದರು. ಆರು ತಿಂಗಳ ಮೇಲೆ ಅವನು ತೀರಿಕೊಂಡ, ಜೊತೆಗೆ ಹೋದವನೊಬ್ಬನ ಎರಡೂ ಕಾಲು ಕತ್ತರಿಸಬೇಕಾಯಿತು. ಮರುವರ್ಷ ಇಸ್ರೇಲಿನ ಸೊರೆಕ್‌ನಲ್ಲಿ, ಅದರ ಮರುವರ್ಷ ಬೆಲಾರೂಸಿನ ನೆಸ್ವಿಝ್‌ನಲ್ಲಿ ಹೆಚ್ಚುಕಡಿಮೆ ಇದೇ ನಡೆದು ಒಬ್ಬೊಬ್ಬರು ಸತ್ತರು.

ಇವೆಲ್ಲದರ ನಂತರ ಗಟ್ಟಿಯಾದ ಕಟ್ಟುಪಾಡು ಸರಳವಾದದ್ದು. ಕನ್ಸೋಲ್ ಓಡಿಸುವ ಕೀಲಿ ಒಂದೇ, ಅದನ್ನು ಕೈಯಲ್ಲಿ ಹಿಡಿದು ವಿಕಿರಣ ಅಳೆಯುವ ಸರ್ವೆ ಮೀಟರಿಗೆ ಸರಪಳಿ ಹಾಕಿ ಕಟ್ಟಿರುತ್ತದೆ. ಬಾಗಿಲು ತೆರೆಯುವುದಕ್ಕೂ ಅದೇ ಕೀಲಿ ಬೇಕು, ಹಾಗಾಗಿ ಮೀಟರ್ ಇಲ್ಲದೆ ಒಳಗೆ ಹೋಗುವಂತಿಲ್ಲ, ಒಳಗಿದ್ದಾಗ ಹೊರಗಿನವರು ಯಂತ್ರ ಓಡಿಸುವಂತಿಲ್ಲ. ಬಾಗಿಲ ಪಕ್ಕದಲ್ಲಿ ಒಂದು ಸಣ್ಣ ತಪಾಸಣೆ ಸೋರ್ಸ್ ಇರುತ್ತದೆ, ಮೀಟರನ್ನು ಅದರ ಮುಂದೆ ಹಿಡಿದು ಮುಳ್ಳು ಆಡಿದರೆ ಮಾತ್ರ ಹೆಜ್ಜೆ ಮುಂದೆ. ಮುಳ್ಳು ಸೊನ್ನೆಯಲ್ಲೇ ನಿಂತಿದ್ದರೆ ಕೋಣೆ ಸುರಕ್ಷಿತ ಎಂದಲ್ಲ, ಬ್ಯಾಟರಿ ಸತ್ತಿದೆ ಎಂದೂ ಇರಬಹುದು.

ಹಳೆಯ ಸೋರ್ಸ್, ಗುಜರಿ ಅಂಗಡಿ

10,000 ಕ್ಯೂರಿಯ ಪೆನ್ಸಿಲ್ 53 ವರ್ಷಕ್ಕೆ, ಅಂದರೆ ಹತ್ತು ಅರ್ಧಾಯುಷ್ಯಕ್ಕೆ, 10 ಕ್ಯೂರಿಗೆ ಇಳಿಯುತ್ತದೆ. ಘಟಕಕ್ಕೆ ಅದು ಕಸ. ಕೈಯಲ್ಲಿ ಹತ್ತು ನಿಮಿಷ ಹಿಡಿದವನ ಚರ್ಮ ಸುಡಲು ಧಾರಾಳ ಸಾಕು. ನಿರುಪಯೋಗಿ ಅನ್ನುವುದಕ್ಕೂ ನಿರಪಾಯ ಅನ್ನುವುದಕ್ಕೂ ನಡುವೆ ಇರುವ ಈ ದೀರ್ಘ ಕಾಲದಲ್ಲೇ ಅನಾಹುತಗಳು ಆಗಿರುವುದು.

ಮೆಕ್ಸಿಕೊದ ಸಿಯುದಾದ್ ಹುವಾರೆಸ್‌ನಲ್ಲಿ ಆಸ್ಪತ್ರೆಯೊಂದರ ಕೋಬಾಲ್ಟ್ ಯಂತ್ರ ಆರು ವರ್ಷ ಗೋದಾಮಿನಲ್ಲಿ ಬಿದ್ದಿತ್ತು. 1983ರ ಡಿಸೆಂಬರಿನಲ್ಲಿ ಗುಜರಿಗೆ ಹೋಯಿತು. ಒಳಗಿದ್ದ ಸಾಸಿವೆ ಗಾತ್ರದ ಸುಮಾರು 6,000 ಕಾಳುಗಳು ಚೆಲ್ಲಿ ಕಬ್ಬಿಣದ ಜೊತೆ ಕರಗಿ ಮನೆ ಕಟ್ಟುವ ಸರಳು, ಮೇಜಿನ ಕಾಲು ಆದವು. 1984ರ ಜನವರಿಯಲ್ಲಿ ಆ ಸರಳು ಹೊತ್ತ ಲಾರಿ ದಾರಿ ತಪ್ಪಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಗೇಟಿನ ಮುಂದೆ ಬಂದಾಗ ಅಲ್ಲಿನ ಅಲಾರಂ ಕೂಗಿಕೊಂಡಿತು. ಹಾಗೆ ಗೊತ್ತಾಯಿತು. ಆ ಸರಳು ಬಳಸಿ ಕಟ್ಟಿದ್ದ ಎಷ್ಟೋ ಮನೆಗಳನ್ನು ಕೆಡವಬೇಕಾಯಿತು. 2008ರಲ್ಲಿ ಫ್ರಾನ್ಸಿನಲ್ಲಿ ಲಿಫ್ಟಿನ ಗುಂಡಿಗಳಲ್ಲಿ ಕೋಬಾಲ್ಟ್-60 ಸಿಕ್ಕಿತು. ಉಕ್ಕು ಹೋದದ್ದು ಭಾರತದಿಂದ.

2010ರ ಏಪ್ರಿಲ್, ದಿಲ್ಲಿಯ ಮಾಯಾಪುರಿ. ದಿಲ್ಲಿ ವಿಶ್ವವಿದ್ಯಾಲಯ 1985ರಿಂದ ಬಳಸದೆ ಇಟ್ಟಿದ್ದ ಗಾಮಾ ಸೆಲ್ ಎಂಬ ಪ್ರಯೋಗಾಲಯದ ಕೋಬಾಲ್ಟ್ ಯಂತ್ರವನ್ನು ಹರಾಜಿನಲ್ಲಿ ಮಾರಿತ್ತು. ಸೀಸದ ಆಸೆಗೆ ಕತ್ತರಿಸಿದರು, ಒಳಗಿನ ಹೊಳೆಯುವ ತುಂಡುಗಳು ಅಂಗಡಿಯಿಂದ ಅಂಗಡಿಗೆ ಹೋದವು. ಚರ್ಮ ಕಪ್ಪಾಗಿ, ಕೂದಲು ಉದುರಿ ಆಸ್ಪತ್ರೆಗೆ ಬಂದ ಮೇಲೆ ಡಾಕ್ಟರುಗಳಿಗೆ ಅನುಮಾನ ಬಂತು. ಒಬ್ಬ ಸತ್ತ, ಏಳು ಜನ ನರಳಿದರು. ಸತ್ತವನೂ ನರಳಿದವರೂ ಗುಜರಿ ಕೆಲಸದವರು, ಹರಾಜಿನ ಕಾಗದಕ್ಕೆ ರುಜು ಹಾಕಿದವರಲ್ಲ.

ಈಗಿನ ನಿಯಮದಲ್ಲಿ ಸೋರ್ಸ್ ಮಾರುವವನೇ ಅದನ್ನು ವಾಪಸು ತೆಗೆದುಕೊಳ್ಳುವ ಒಪ್ಪಂದ ಮೊದಲೇ ಆಗಿರಬೇಕು, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಈ-ಲೋರಾ ಜಾಲದಲ್ಲಿ ಪ್ರತಿ ಸೋರ್ಸಿನ ಹೆಸರು, ನಂಬರು ದಾಖಲಾಗಬೇಕು. ಕಾಲೇಜು, ಆಸ್ಪತ್ರೆಯ ಉಗ್ರಾಣ ನೋಡಿಕೊಳ್ಳುವವರು ಮಾಡಬಹುದಾದ ಒಂದು ಕೆಲಸ ಇದೆ: ಹಳೆಯ ದಾಸ್ತಾನು ಪುಸ್ತಕದಲ್ಲಿ ಗಾಮಾ, ಕೋಬಾಲ್ಟ್, ಸೀಸಿಯಂ, ರೇಡಿಯಂ ಎಂಬ ಪದ ಎಲ್ಲೆಲ್ಲಿ ಬಂದಿದೆ ಹುಡುಕಿ, ಆ ಸಾಮಾನು ಈಗ ಎಲ್ಲಿದೆ ಎಂದು ಕಣ್ಣಾರೆ ನೋಡುವುದು. ಹರಾಜಿಗೆ ಪಟ್ಟಿ ಮಾಡುವಾಗ ‘ಹಳೆಯ ಯಂತ್ರ, ಒಂದು’ ಎಂದು ಬರೆದುಬಿಟ್ಟರೆ ಅಲ್ಲಿಗೆ ಮುಗಿಯಿತು.

ಗುಜರಿಯವರಿಗೆ ಹೇಳಬೇಕಾದದ್ದು ತೂಕದ ಮಾತು. ಕಿರಣ ತಡೆಯಲು ಸೋರ್ಸಿನ ಸುತ್ತ ಸೀಸ ಇರುತ್ತದೆ, 10 ಲೀಟರ್ ಬಕೆಟ್ಟಿನಷ್ಟು ಸೀಸ 113 ಕೆಜಿ ತೂಗುತ್ತದೆ. ಗಾತ್ರ ನೋಡಿ ಎತ್ತಲು ಹೋದಾಗ ಅಲ್ಲಾಡದ ಉರುಟು ಡ್ರಮ್ಮು, ಮೂರು ರೆಕ್ಕೆಯ ಫ್ಯಾನಿನಂಥ ಗುರುತು, ಕ್ಯೂರಿ ಅಥವಾ ಬೆಕೆರೆಲ್ ಎಂದು ಕೊರೆದ ಹಿತ್ತಾಳೆ ತಗಡು, ನಡುವೆ ಬೆರಳು ಗಾತ್ರದ ಹೊಳಪಿನ ಸ್ಟೀಲ್ ತುಂಡು: ಇವುಗಳಲ್ಲಿ ಒಂದು ಕಂಡರೂ ಕಟರ್ ಆರಿಸಿ. ತುಂಡನ್ನು ಎತ್ತಿ ದೂರ ಎಸೆಯಲೂ ಹೋಗಬೇಡಿ. ಎಲ್ಲರೂ ಕನಿಷ್ಠ 30 ಮೀಟರ್ ಆಚೆ ಸರಿಯಬೇಕು. ದೂರ ಎರಡರಷ್ಟಾದರೆ ಕಿರಣ ಕಾಲುಭಾಗಕ್ಕೆ ಇಳಿಯುತ್ತದೆ. ಕೈ ತೊಳೆಯುವ ತನಕ ಬೀಡಿ, ಚಹಾ ಬೇಡ. 112ಕ್ಕೆ ಫೋನ್ ಮಾಡಿ, ವಿಕಿರಣದ ಸಾಮಾನು ಎಂದೇ ಹೇಳಿ. ಯಾರು ಮುಟ್ಟಿದರು, ಎಷ್ಟು ಹೊತ್ತು ಹತ್ತಿರ ಇದ್ದರು ಎಂದು ಚೀಟಿಯಲ್ಲಿ ಬರೆಯಿರಿ. ಯಾರಿಗಾದರೂ ವಾಂತಿಯಾದರೆ ಗಡಿಯಾರ ನೋಡಿ ಆ ಹೊತ್ತನ್ನೂ ಬರೆಯಿರಿ. ಮುಟ್ಟಿದ ಒಂದು ಗಂಟೆಯೊಳಗೆ ವಾಂತಿ ಶುರುವಾಗಿದ್ದರೆ ಡೋಸ್ 4 ಗ್ರೇ ಮೇಲಿರಬಹುದು, ಒಂದರಿಂದ ಎರಡು ಗಂಟೆಯಲ್ಲಾದರೆ 2ರಿಂದ 4, ಅದಕ್ಕೂ ತಡವಾದರೆ ಇನ್ನೂ ಕಡಿಮೆ. ರಕ್ತ ಪರೀಕ್ಷೆಯ ವರದಿ ಬರುವ ಮೊದಲು ಡಾಕ್ಟರ ಕೈಗೆ ಸಿಗುವ ಅಳತೆ ಆ ಚೀಟಿ ಒಂದೇ.